ಗೋರ್ಡಿಯಾನಸ್‌ನ ಮನೆಯ ತೊತ್ತು

ಎರಡು ವರ್ಷದ ಹಿಂದಿನ ಮಳೆಗಾಲ. ಪಿಎಚ್.ಡಿ.ಯ ಎರಡನೇ ಅಧ್ಯಾಯ ಒಂದು ಸಾಲೂ ಮುಂದೆ ಹೋಗದೆ ನಿಂತಿತ್ತು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಬೆನ್ನು ಕಿತ್ತುಹೋದ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು: ಸ್ಟೀವನ್ ಸೇಲರ್ ಬರೆದ 'ರೋಮನ್ ಬ್ಲಡ್'. ಮುಖಪುಟ ನೋಡಿದರೆ ಕತ್ತಿ, ರಕ್ತ, ಕಂಬಗಳ ಬಗೆಯದು. ಬಸ್ಸಿನಲ್ಲಿ ಓದಿ ಬಿಸಾಡಲು ಸರಿಹೋಗುತ್ತದೆ ಎಂದು ತಂದೆ. ಆಮೇಲೆ ಆ ಸರಣಿಯ ಹತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಓದಿ ಮುಗಿಸಿದೆ. ಎರಡನೇ ಅಧ್ಯಾಯ ಈಗಲೂ ಅಲ್ಲೇ ಇದೆ, ಆ ಮಾತು ಬೇಡ.

ನಮ್ಮ ವಿಭಾಗಗಳಲ್ಲಿ ಪತ್ತೇದಾರಿ ಕಾದಂಬರಿಯ ಹೆಸರೆತ್ತಿದರೆ ಜನ ಒಂದು ಥರ ನಗುತ್ತಾರೆ. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ಓದಿಯೇ ಓದುಗರಾದವರು ಒಂದು ತಲೆಮಾರಿನಷ್ಟಿದ್ದಾರೆ. ನನ್ನ ಅಜ್ಜನೂ ಅವರಲ್ಲಿ ಒಬ್ಬರು. ಆದರೂ ಆ ಓದಿನ ಬಗ್ಗೆ ಗಂಭೀರವಾಗಿ ಬರೆಯಲು ನಮಗೆ ಸಂಕೋಚ. ಸೇಲರ್‌ನ ಸರಣಿಯ ಬಗ್ಗೆ ಇಲ್ಲಿ ಬರೆಯುತ್ತಿರುವುದು ಆ ಸಂಕೋಚ ಬಿಡಿಸುವುದಕ್ಕಲ್ಲ. ಅದರಲ್ಲಿ ನನ್ನನ್ನು ಕಾಡಿದ ಒಂದು ತೊಡಕು ಇದೆ, ಅದಕ್ಕೆ.

ಸರಣಿಯ ಹೆಸರು 'ರೋಮಾ ಸಬ್ ರೋಸಾ'. ಗುಲಾಬಿಯ ಅಡಿಯಲ್ಲಿ ಎಂದರೆ ಗುಟ್ಟಾಗಿ ಎಂದು ಅರ್ಥ. ಸೇಲರ್ ಅಮೆರಿಕದ ಟೆಕ್ಸಾಸ್‌ನವನು, ಇತಿಹಾಸ ಮತ್ತು ಪ್ರಾಚೀನ ಸಾಹಿತ್ಯ ಓದಿದವನು. ಮೊದಲ ಕಾದಂಬರಿ ಬಂದದ್ದು 1991ರಲ್ಲಿ. ನಾಯಕ ಗೋರ್ಡಿಯಾನಸ್, ರೋಮ್ ನಗರದಲ್ಲಿ ವಕೀಲರಿಗಾಗಿ ಮಾಹಿತಿ ಹುಡುಕಿಕೊಡುವ ಮನುಷ್ಯ. ಜನ ಅವನನ್ನು ಕರೆಯುವುದೇ 'ಹುಡುಕುವವನು' ಎಂದು. ಗಣರಾಜ್ಯ ಮುರಿದುಬೀಳುತ್ತಿದ್ದ ದಶಕಗಳಲ್ಲಿ, ಸುಲ್ಲಾನ ಸರ್ವಾಧಿಕಾರದಿಂದ ಸೀಸರನ ಕೊಲೆಯವರೆಗೆ, ಈತ ಒಂದೊಂದು ಕಾದಂಬರಿಗೂ ವಯಸ್ಸಾಗುತ್ತಾ ಹೋಗುತ್ತಾನೆ. ಸಿಸೆರೊ, ಕ್ರಾಸಸ್, ಕ್ಯಾಟಿಲಿನಾ, ಕ್ಲೋಡಿಯಾ ಎಲ್ಲರೂ ಅವನ ಬಾಗಿಲಿಗೆ ಬರುತ್ತಾರೆ, ಇಲ್ಲವೇ ಕರೆಸಿಕೊಳ್ಳುತ್ತಾರೆ.

'ರೋಮನ್ ಬ್ಲಡ್' ಒಂದು ನಿಜವಾದ ಮೊಕದ್ದಮೆಯ ಮೇಲೆ ನಿಂತಿದೆ. ಕ್ರಿ.ಪೂ. 80ರಲ್ಲಿ ಅಮೇರಿಯಾ ಊರಿನ ಸೆಕ್ಸ್‌ಟಸ್ ರೋಸ್ಕಿಯಸ್ ಎಂಬುವನ ಮೇಲೆ ತಂದೆಯನ್ನು ಕೊಲ್ಲಿಸಿದ ಆರೋಪ ಬಂತು. ಅವನ ಪರವಾಗಿ ವಾದಿಸಿದವನು ಇಪ್ಪತ್ತಾರರ ಸಿಸೆರೊ. ಆ ಭಾಷಣ ಇಂದಿಗೂ ಉಳಿದಿದೆ. ಅದನ್ನು ಓದಿದರೆ ಅದೇ ಒಂದು ಪತ್ತೇದಾರಿ ಕತೆ ಎನ್ನಿಸುತ್ತದೆ. ಸತ್ತ ಮುದುಕನ ಆಸ್ತಿ ಹದಿಮೂರು ಜಮೀನು, ಬೆಲೆ 60 ಲಕ್ಷ ಸೆಸ್ಟರ್ಸ್. ಅದನ್ನು ಸುಲ್ಲಾನ ಆಪ್ತನಾಗಿದ್ದ ಕ್ರಿಸೋಗೋನಸ್ ಎಂಬ ಮಾಜಿ ಗುಲಾಮ ಹರಾಜಿನಲ್ಲಿ ಕೊಂಡದ್ದು ಬರೀ 2,000 ಸೆಸ್ಟರ್ಸ್‌ಗೆ. ಅಷ್ಟು ಅಗ್ಗ ಹೇಗೆ ಸಾಧ್ಯವಾಯಿತು? ಸತ್ತವನ ಹೆಸರನ್ನು ಸುಲ್ಲಾನ 'ಕೊಲ್ಲಬಹುದಾದವರ ಪಟ್ಟಿ'ಗೆ ಸೇರಿಸಿದ್ದರು. ಆ ಪಟ್ಟಿಯಲ್ಲಿ ಹೆಸರು ಬಂದವನನ್ನು ಯಾರು ಬೇಕಾದರೂ ಕೊಲ್ಲಬಹುದು, ಆಸ್ತಿ ಸರ್ಕಾರದ ಪಾಲು. ಆದರೆ ಪಟ್ಟಿಗೆ ಕೊನೆಯ ದಿನ ಎಂದು ಜೂನ್ 1 ಗೊತ್ತುಮಾಡಲಾಗಿತ್ತು, ಮುದುಕ ಸತ್ತದ್ದು ಅದಾಗಿ ಎಷ್ಟೋ ತಿಂಗಳ ನಂತರ. ಸತ್ತ ಮೇಲೆ ಹೆಸರು ತುರುಕಿದ್ದಾರೆ ಎಂಬುದಕ್ಕೆ ತಾರೀಖೇ ಸಾಕ್ಷಿ. ಇಷ್ಟು ಚೆಂದದ ಸುಳಿವನ್ನು ಕಾದಂಬರಿಕಾರ ಕಟ್ಟಬೇಕಾಗಿರಲಿಲ್ಲ, ಸಿಸೆರೊನೇ ಕೊಟ್ಟಿದ್ದಾನೆ.

ಸೇಲರ್ ಮಾಡಿದ್ದು ಬೇರೆ ಕೆಲಸ. ವಕೀಲನ ಭಾಷಣದಲ್ಲಿ ಬರೀ ಹೆಸರಾಗಿ, ಅಥವಾ ಹೆಸರೂ ಇಲ್ಲದೆ ಹಾದುಹೋಗುವ ಜನರ ಹಿಂದೆ ಗೋರ್ಡಿಯಾನಸ್‌ನನ್ನು ಬೀದಿಗೆ ಕಳಿಸುತ್ತಾನೆ. ಮುದುಕ ಸತ್ತ ಜಾಗದ ಎದುರಿನ ಕಟ್ಟಡದಲ್ಲಿ ಒಬ್ಬ ವಿಧವೆ ಇದ್ದಾಳೆ, ಅವಳಿಗೆ ಮಾತು ಬಾರದ ಒಬ್ಬ ಮಗನಿದ್ದಾನೆ. ಕೊಲೆಯನ್ನು ಕಿಟಕಿಯಿಂದ ನೋಡಿದವನು ಆ ಹುಡುಗ. ಅವನು ಹೇಳಲಾರ, ನಟಿಸಿ ತೋರಿಸುತ್ತಾನೆ, ಯಾರು ಎಲ್ಲಿ ನಿಂತಿದ್ದರು, ಕತ್ತಿ ಹೇಗೆ ಬಂತು, ಮುದುಕ ಹೇಗೆ ಬಿದ್ದ ಎಂದು. ಸರಣಿಯಲ್ಲಿ ನನಗೆ ಅತಿ ಇಷ್ಟವಾದ ಪುಟಗಳು ಇವು. ಆ ಹುಡುಗನ ಹೆಸರು ಎಕೊ, ಅಂದರೆ ಪ್ರತಿಧ್ವನಿ. ಮುಂದೆ ಗೋರ್ಡಿಯಾನಸ್ ಅವನನ್ನು ದತ್ತು ತೆಗೆದುಕೊಳ್ಳುತ್ತಾನೆ.

ತಂದೆಯನ್ನು ಕೊಂದವನಿಗೆ ರೋಮ್‌ನಲ್ಲಿ ಕೊಡುತ್ತಿದ್ದ ಶಿಕ್ಷೆಯೂ ಕಾದಂಬರಿಯಲ್ಲಿ ಬರುತ್ತದೆ: ನಾಯಿ, ಹುಂಜ, ಹಾವು, ಕೋತಿಯ ಜೊತೆ ಚರ್ಮದ ಚೀಲದಲ್ಲಿ ಹೊಲಿದು ನೀರಿಗೆ ಎಸೆಯುವುದು. ಸಿಸೆರೊನ ಭಾಷಣದಲ್ಲಿ ಇರುವುದು ಚೀಲದ ಮಾತು ಮಾತ್ರ, ಪ್ರಾಣಿಗಳು ಬರುವುದು ನಂತರದ ಕಾನೂನು ಗ್ರಂಥಗಳಲ್ಲಿ. ಕತೆಗಾರನಾದವನು ಕೋತಿಯನ್ನು ಬಿಟ್ಟಾನೆಯೇ? ನಾನಾದರೂ ಬಿಡುತ್ತಿರಲಿಲ್ಲ.

ಈಗ ತೊಡಕಿಗೆ ಬರುತ್ತೇನೆ. ಕೊಲೆಯಾದಾಗ ಮುದುಕನ ಜೊತೆಯಲ್ಲಿ ಇಬ್ಬರು ಗುಲಾಮರಿದ್ದರು. ಆ ರಾತ್ರಿ ನಡೆದದ್ದನ್ನು ಹತ್ತಿರದಿಂದ ಕಂಡವರು ಅವರೇ. ರೋಮನ್ ನ್ಯಾಯಾಲಯದಲ್ಲಿ ಗುಲಾಮನ ಮಾತು ಸಾಕ್ಷ್ಯವಾಗಬೇಕಾದರೆ ಅದನ್ನು ಚಿತ್ರಹಿಂಸೆ ಕೊಟ್ಟೇ ಹೊರಡಿಸಬೇಕು. ತಾನಾಗಿ ಹೇಳಿದ ಸತ್ಯಕ್ಕೆ ಬೆಲೆಯಿಲ್ಲ, ಮೂಳೆ ಮುರಿದಾಗ ಬಂದ ಮಾತಿಗೆ ಬೆಲೆ. ಮಗ ರೋಸ್ಕಿಯಸ್ ಆ ಇಬ್ಬರನ್ನೂ ವಿಚಾರಣೆಗೆ ಒಪ್ಪಿಸಿ ಎಂದು ಬೇಡಿಕೊಂಡಿದ್ದ. ಆಸ್ತಿಯ ಜೊತೆ ಆಳುಗಳನ್ನೂ ಕಬಳಿಸಿದವರು ಕೊಡಲಿಲ್ಲ. ಸಿಸೆರೊ ಇದನ್ನೇ ಹಿಡಿದು ಗುಡುಗುತ್ತಾನೆ: ಕೊಡದೇ ಇರುವುದೇಕೆ, ಮುಚ್ಚಿಡುವುದು ಏನಿದೆ? ವಾದ ಸೊಗಸಾಗಿದೆ. ಆದರೆ ಆ ವಾದದ ಒಳಗೆ ಏನಿದೆ ನೋಡಿ. ಕಕ್ಷಿದಾರನ ನಿರ್ದೋಷ ಸಾಬೀತಾಗಬೇಕಾದರೆ ಆ ಇಬ್ಬರ ಮೈ ಸೀಳಬೇಕಿತ್ತು, ಸೀಳಲು ಬಿಡಲಿಲ್ಲವೆಂಬುದು ದೂರು.

ಪತ್ತೇದಾರಿ ಕಾದಂಬರಿ ಎಂಬ ಪ್ರಕಾರ ನಿಂತಿರುವುದೇ ಸಾಕ್ಷ್ಯದ ಮೇಲೆ. ಹತ್ತೊಂಬತ್ತನೇ ಶತಮಾನದ ಪೊಲೀಸು, ಕೋರ್ಟು, ಪತ್ರಿಕೆಗಳ ನಡುವೆ ಹುಟ್ಟಿದ ಪ್ರಕಾರ ಇದು. ಅಲ್ಲಿ ಅಡುಗೆಯವಳನ್ನೂ ಕುದುರೆ ಗಾಡಿಯವನನ್ನೂ ಪತ್ತೇದಾರ ಮಾತಾಡಿಸುತ್ತಾನೆ, ಅವರು ಹೇಳಿದ್ದು ಕೊನೆಯ ಪುಟದಲ್ಲಿ ಲೆಕ್ಕಕ್ಕೆ ಬರುತ್ತದೆ. ಊರಿನ ಜನಸಂಖ್ಯೆಯ ದೊಡ್ಡ ಪಾಲಿನ ಮಾತು ಕಾನೂನಿನ ಕಿವಿಗೆ ಬೀಳುವುದು ನೋವಿನ ಮೂಲಕ ಮಾತ್ರ ಎನ್ನುವ ನಗರಕ್ಕೆ ಈ ಪ್ರಕಾರವನ್ನು ಒಯ್ದರೆ ಏನಾಗುತ್ತದೆ? ಗೋರ್ಡಿಯಾನಸ್ ಆಳುಗಳ ಜೊತೆ ಮೃದುವಾಗಿ ಮಾತಾಡುತ್ತಾನೆ, ಅವರಿಂದ ತಿಳಿದುಕೊಳ್ಳುತ್ತಾನೆ. ಆದರೆ ತಿಳಿದದ್ದನ್ನು ಕೋರ್ಟಿನಲ್ಲಿ ಇಡುವಾಗ ಆ ಮಾತು ಯಾರದೆಂಬುದು ಅಳಿಸಿಹೋಗಬೇಕು. ಹೀಗಾಗಿ ಅವನಿಗೆ ಗೊತ್ತಿರುವ ಸತ್ಯ ಒಂದು, ಸಿಸೆರೊ ವಾದಿಸುವ ಸತ್ಯ ಇನ್ನೊಂದು. ಸೇಲರ್ ಇದನ್ನು ಬಲ್ಲ, ಬಲ್ಲದ್ದರಿಂದಲೇ ಮೊದಲ ಕಾದಂಬರಿಯಲ್ಲಿ ಸಿಸೆರೊ ಗೆಲ್ಲುವ ಹೊತ್ತಿಗೆ ಓದುಗರ ಬಾಯಿ ಕಹಿಯಾಗಿರುತ್ತದೆ.

ಹೀಗೆ ನಾನು ಮೆಚ್ಚಿಕೊಂಡು ಓದುತ್ತಿದ್ದಾಗ ಒಂದು ರಾತ್ರಿ ಅಮ್ಮ ಫೋನ್ ಮಾಡಿದಳು. ಏನು ಓದ್ತಿದೀಯ ಎಂದಳು. ಕತೆ ಹೇಳಿದೆ. ಅಮ್ಮನಿಗೆ ಕೊಲೆ ಯಾರು ಮಾಡಿದರೆಂಬುದರಲ್ಲಿ ಆಸಕ್ತಿ ಬರಲಿಲ್ಲ.

"ಆ ಪತ್ತೇದಾರನ ಮನೇಲಿ ಯಾರ್ ಯಾರಿದಾರೆ?"

"ಬೆಥೆಸ್ಡಾ ಅಂತ ಒಬ್ಬಳಿದಾಳೆ. ಈಜಿಪ್ಟಿನವಳು. ಅಡುಗೆ ಮಾಡ್ತಾಳೆ, ಮನೆ ನೋಡ್ಕೊತಾಳೆ."

"ಹೆಂಡ್ತಿನೇನೇ?"

"ಅಲ್ಲ... ಕೊಂಡ್ಕೊಂಡಿರೋದು."

"ಅಂದ್ರೆ ಕೆಲಸದವಳಾ?"

ನನಗೆ ಉತ್ತರ ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿ ಓದುವಾಗ ಆ ಪದ ಕಣ್ಣಿನ ಮುಂದೆ ಜಾರಿಕೊಂಡು ಹೋಗುತ್ತಿತ್ತು. ಕನ್ನಡದಲ್ಲಿ ಹೇಳಲು ಹೋದಾಗ ತಡವರಿಸಿದೆ. ಕೆಲಸದವಳು ಎಂದರೆ ಸುಳ್ಳು. ಸಂಬಳವಿಲ್ಲ, ಬಿಟ್ಟು ಹೋಗುವ ಹಾಗಿಲ್ಲ. ಆಳು ಎಂದರೂ ಸಾಲದು. ಜೀತದವಳು ಎನ್ನೋಣವೆಂದರೆ, ಹಳಗನ್ನಡದಲ್ಲಿ ಜೀತವೆಂದರೆ ಕೆಲಸಕ್ಕೆ ಕೊಡುವ ವೇತನ. ಇಂದು ಆ ಪದಕ್ಕೆ ಬಂದಿರುವ ಅರ್ಥದಲ್ಲೂ ಸಾಲವೊಂದು ಇದೆ, ತೀರಿಸುವ ಆಸೆಯಾದರೂ ಇದೆ. ಗುಲಾಮಳು ಎಂಬುದು ಪಾಠಪುಸ್ತಕದ ಮಾತು, ಅಮ್ಮನಿಗೆ ಅದರಿಂದ ಏನೂ ಕಾಣುವುದಿಲ್ಲ. ನಮ್ಮಲ್ಲಿ ಇದಕ್ಕೆ ಸರಿಯಾದ ಪದ ಇದೆ: ತೊತ್ತು. ಶಾಸನಗಳಲ್ಲಿ, ವಚನಗಳಲ್ಲಿ, ಕಾವ್ಯಗಳಲ್ಲಿ ಎಲ್ಲ ಕಡೆ ಇದೆ. ಈಗ ಉಳಿದಿರುವುದು ಬೈಗುಳವಾಗಿ, ಅದೂ 'ತೊತ್ತಿನ ಮಗ' ಎಂದು ತಾಯಿಯನ್ನು ಸೇರಿಸಿ. ರೋಮನ್ ಕಾನೂನಿನ ನಿಯಮವೂ ಅದೇ: ತಾಯಿ ತೊತ್ತಾದರೆ ಮಗುವೂ ತೊತ್ತು, ತಂದೆ ಯಾರೇ ಆಗಿರಲಿ. ನಿಯಮ ಹೋಗಿ ಬೈಗುಳ ಉಳಿದುಕೊಂಡಿದೆ. ಆ ಪದವನ್ನು ಅಮ್ಮನ ಮುಂದೆ ನಾನು ಆಡಲಿಲ್ಲ. "ಹೂಂ, ಹಾಗೇ ಒಂಥರ" ಎಂದು ಮಾತು ಬದಲಿಸಿದೆ.

ಆಮೇಲೆ 'ರೋಮನ್ ಬ್ಲಡ್' ಅನ್ನು ಮತ್ತೆ ತೆಗೆದೆ. ಬೆಥೆಸ್ಡಾ ಬರುವ ಪುಟಗಳನ್ನು ಮಾತ್ರ ಓದಿದೆ. ಗೋರ್ಡಿಯಾನಸ್ ಅವಳನ್ನು ಅಲೆಕ್ಸಾಂಡ್ರಿಯಾದಲ್ಲಿ ಕೊಂಡು ತಂದವನು. ಅವಳು ಸುಂದರಿ, ಸಿಡುಕಿ, ಬೆಕ್ಕುಗಳೆಂದರೆ ಭಕ್ತಿ, ಮಾತಿಗೆ ಮಾತು ಕೊಡುವವಳು. ಯಜಮಾನ ದಣಿದು ಬಂದಾಗ ಅವಳ ಹಾಸಿಗೆಯೇ ಅವನ ವಿಶ್ರಾಂತಿ. ಅವಳೇ ಮನೆಯ ನಿಜವಾದ ಯಜಮಾನಿ ಎಂದು ಅವನು ತಮಾಷೆಯಾಗಿ ಸೂಚಿಸುತ್ತಾನೆ. ಇಂಥ ತಮಾಷೆ ಎಲ್ಲ ಕಡೆಯ ಯಜಮಾನರೂ ಮಾಡುತ್ತಾರೆ. ಕಾದಂಬರಿ ಇರುವುದು ಗೋರ್ಡಿಯಾನಸ್‌ನ ಬಾಯಿಯಲ್ಲಿ, ಹಾಗಾಗಿ ಬೆಥೆಸ್ಡಾಗೆ ಏನನ್ನಿಸುತ್ತದೆ ಎನ್ನುವುದು ನಮಗೆ ತಿಳಿಯುವುದು ಅವಳನ್ನು ಕೊಂಡವನಿಗೆ ಏನು ತೋಚುತ್ತದೋ ಅಷ್ಟೇ. ಅವಳಿಗೆ ಇಷ್ಟವಿತ್ತೇ ಎಂಬ ಪ್ರಶ್ನೆ ಆ ಮನೆಯಲ್ಲಿ ಏಳುವುದಿಲ್ಲ. ಬೇಡ ಎನ್ನುವ ಅಧಿಕಾರವಿಲ್ಲದವಳ ಇಷ್ಟಕ್ಕೆ ಏನರ್ಥ?

ಐತಿಹಾಸಿಕ ಕಾದಂಬರಿಕಾರರಿಗೆ ಇದು ಹಳೆಯ ಇಕ್ಕಟ್ಟು. ಇಂದಿನ ಓದುಗರು ಪ್ರೀತಿಸಬಹುದಾದ ನಾಯಕ ಬೇಕು, ಅವನು ತನ್ನ ಕಾಲದವನೂ ಆಗಿರಬೇಕು. ಲಿಂಡ್ಸೆ ಡೇವಿಸ್ ತನ್ನ ಫಾಲ್ಕೊ ಸರಣಿಯಲ್ಲಿ (ಮೊದಲ ಪುಸ್ತಕ 1989ರದು) ಇದನ್ನು ಹಾಸ್ಯದಿಂದ ದಾಟುತ್ತಾಳೆ. ಫಾಲ್ಕೊ ಬಾಡಿಗೆ ಕಟ್ಟಲು ಒದ್ದಾಡುವ ಬಡಪಾಯಿ, ಚಕ್ರವರ್ತಿ ವೆಸ್ಪಾಸಿಯನ್‌ನ ಕಾಲದ ರೋಮ್‌ನಲ್ಲಿ ಓಡಾಡುವ ಇಪ್ಪತ್ತನೇ ಶತಮಾನದ ಖಾಸಗಿ ಪತ್ತೇದಾರ. ಓದಲು ಮಜಾ, ಒಪ್ಪುತ್ತೇನೆ. ಆದರೆ ಅಲ್ಲಿ ನನಗೆ ಚುಚ್ಚಲಿಲ್ಲ, ಯಾಕೆಂದರೆ ಫಾಲ್ಕೊನನ್ನು ನಾನು ರೋಮನ್ ಎಂದು ನಂಬಲೇ ಇಲ್ಲ. ಗೋರ್ಡಿಯಾನಸ್‌ನನ್ನು ನಂಬಿದ್ದೆ, ಅದಕ್ಕೇ ಚುಚ್ಚಿತು.

'ಒಳ್ಳೆಯ ಒಡೆಯ' ಎಂಬ ಈ ಪಾತ್ರಮಾದರಿಯನ್ನು ಸೇಲರ್ ಎರಡನೇ ಕಾದಂಬರಿ 'ಆರ್ಮ್ಸ್ ಆಫ್ ನೆಮೆಸಿಸ್'ನಲ್ಲಿ (1992) ನೇರವಾಗಿ ಪರೀಕ್ಷೆಗೆ ಒಡ್ಡುತ್ತಾನೆ. ಕ್ರಿ.ಪೂ. 72. ಸ್ಪಾರ್ಟಕಸ್‌ನ ದಂಗೆ ಇಟಲಿಯನ್ನು ನಡುಗಿಸುತ್ತಿದೆ. ಸಮುದ್ರದಂಡೆಯ ಬಾಯೆಯ ಒಂದು ಬಂಗಲೆಯಲ್ಲಿ ಕ್ರಾಸಸ್‌ನ ಬಂಧುವೊಬ್ಬ ಕೊಲೆಯಾಗುತ್ತಾನೆ, ಇಬ್ಬರು ಗುಲಾಮರು ಕಾಣೆಯಾಗಿದ್ದಾರೆ. ಕ್ರಾಸಸ್‌ನ ತೀರ್ಮಾನ: ಮನೆಯಲ್ಲಿ ಉಳಿದ ತೊಂಬತ್ತೊಂಬತ್ತು ಗುಲಾಮರನ್ನೂ ಕೊಲ್ಲಬೇಕು. ಇದು ಕತೆಗಾಗಿ ಕಟ್ಟಿದ ಕ್ರೌರ್ಯವಲ್ಲ. ಕ್ರಿ.ಶ. 61ರಲ್ಲಿ ನಗರಾಧಿಕಾರಿ ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಗುಲಾಮನೊಬ್ಬ ಕೊಂದಾಗ ಆ ಮನೆಯ ನಾನೂರು ಮಂದಿಯನ್ನು ಕೊಲ್ಲಲಾಯಿತು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಜನ ಬೀದಿಗಿಳಿದು ಪ್ರತಿಭಟಿಸಿದರು, ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿದ. ಸೇಲರ್ ಆ ಹಳೆಯ ಪದ್ಧತಿಯನ್ನು ಸ್ಪಾರ್ಟಕಸ್‌ನ ಕಾಲದಲ್ಲಿಟ್ಟು ಗೋರ್ಡಿಯಾನಸ್‌ಗೆ ಕೆಲವೇ ದಿನಗಳ ಗಡುವು ಕೊಡುತ್ತಾನೆ.

ಈ ಕಾದಂಬರಿಯ ಆರಂಭದಲ್ಲಿ ಗೋರ್ಡಿಯಾನಸ್ ಹಡಗಿನಲ್ಲಿ ಹೋಗುತ್ತಿರುವಾಗ ಕೆಳಗಿಳಿದು ಹುಟ್ಟು ಹಾಕುವವರನ್ನು ನೋಡುತ್ತಾನೆ. ಬೆವರು, ನಾತ, ತಾಳಕ್ಕೆ ಬಡಿಯುವ ಡೋಲು, ಕತ್ತಲಲ್ಲಿ ಕಣ್ಣುಗಳು. ತಾನು ಬೇಗ ತಲುಪುತ್ತಿರುವುದು ಇವರ ಮೈಯ ಮೇಲೆ ಎಂಬ ಅರಿವು ಅವನಿಗೆ ಬರುತ್ತದೆ. ಬಂದ ಮೇಲೆ ಮತ್ತೆ ಮೇಲೆ ಹತ್ತಿ ಹೋಗುತ್ತಾನೆ. ಆ ದೃಶ್ಯ ಬಲವಾಗಿದೆ. ಆದರೂ ಪುಸ್ತಕ ಮುಗಿಸಿದಾಗ ನನಗೆ ಪೂರ್ತಿ ತೃಪ್ತಿಯಾಗಲಿಲ್ಲ. ತೊಂಬತ್ತೊಂಬತ್ತು ಮಂದಿಯಲ್ಲಿ ಹೆಸರು, ಮುಖ, ಮಾತು ಇರುವವರು ಬೆರಳೆಣಿಕೆಯಷ್ಟು. ಅವರೂ ಚೆಲುವರು, ಜಾಣರು, ಇಲ್ಲವೇ ಮುದ್ದಾದ ಮಕ್ಕಳು. ಉಳಿಸಿಕೊಳ್ಳಲು ಯೋಗ್ಯರು ಎಂದು ಓದುಗರಿಗೆ ಮೊದಲೇ ಒಪ್ಪಿಸಿದಂತೆ. ಮೆಟೊ ಎಂಬ ಹುಡುಗ ಅವರಲ್ಲಿ ಒಬ್ಬ. ಅವನನ್ನೂ ಗೋರ್ಡಿಯಾನಸ್ ಆಮೇಲೆ ದತ್ತು ತೆಗೆದುಕೊಳ್ಳುತ್ತಾನೆ. ಒಬ್ಬೊಬ್ಬರನ್ನೇ ಮನೆಗೆ ತಂದು ಸಾಕಿಕೊಳ್ಳುವ ಈ ಪರಿಹಾರ ಸರಣಿಯಲ್ಲಿ ಪದೇ ಪದೇ ಬರುತ್ತದೆ. ಹೃದಯ ತಟ್ಟುತ್ತದೆ, ನಿಜ. ಆದರೆ ಉಳಿದವರು ಎಲ್ಲಿ ಹೋದರು ಎಂದು ಹುಡುಕುವವನು ಹುಡುಕುವುದಿಲ್ಲ.

ಎರಡನೆಯ ಮತ್ತು ಮೂರನೆಯ ಕಾದಂಬರಿಗಳ ನಡುವಿನ ವರ್ಷಗಳಲ್ಲಿ ಗೋರ್ಡಿಯಾನಸ್ ಬೆಥೆಸ್ಡಾಳನ್ನು ಬಿಡುಗಡೆ ಮಾಡಿ ಮದುವೆಯಾಗುತ್ತಾನೆ, ಮಗಳು ಡಯಾನಾ ಸ್ವತಂತ್ರಳಾಗಿಯೇ ಬೆಳೆಯುತ್ತಾಳೆ. 'ಕ್ಯಾಟಿಲಿನಾಸ್ ರಿಡಲ್'ನಲ್ಲಿ (1993) ಬೆಥೆಸ್ಡಾ ಎಟ್ರೂರಿಯಾದ ಒಂದು ಜಮೀನಿನ ಯಜಮಾನಿ. ಅಷ್ಟು ಹೊತ್ತಿಗೆ ನಾನು, ಸರಿ, ಲೇಖಕ ಅವಳ ಲೆಕ್ಕ ಚುಕ್ತಾ ಮಾಡಿದ, ಇನ್ನು ಈ ವಿಷಯ ಎತ್ತುವುದಿಲ್ಲ ಎಂದುಕೊಂಡಿದ್ದೆ. ಹಾಗಾಗಲಿಲ್ಲ. 'ದ ವೀನಸ್ ಥ್ರೋ' (1995) ಬಂತು. ಅದನ್ನು ಓದಬೇಕೆಂದಿರುವವರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ, ಗುಟ್ಟು ಒಡೆಯದೆ ನನಗೆ ವಾದ ಮಾಡಲಾಗದು.

ಇಲ್ಲಿಯೂ ನಿಜವಾದ ಮೊಕದ್ದಮೆಯೇ ಇದೆ. ಅಲೆಕ್ಸಾಂಡ್ರಿಯಾದ ತತ್ವಜ್ಞಾನಿ ಡಿಯೋ ಈಜಿಪ್ಟಿನ ದೊರೆಯ ವಿರುದ್ಧ ದೂರು ಹೇಳಲು ನೂರು ಜನರ ನಿಯೋಗದೊಂದಿಗೆ ಇಟಲಿಗೆ ಬಂದ, ಜೊತೆಗಿದ್ದ ಹಲವರು ಹತರಾದರು, ಕೊನೆಗೆ ಅವನೂ ರೋಮ್‌ನಲ್ಲಿ ಕೊಲೆಯಾದ. ಕ್ರಿ.ಪೂ. 56ರಲ್ಲಿ ಆ ಕೊಲೆಯ ನೆರಳಿನಲ್ಲಿ ಮಾರ್ಕಸ್ ಕೇಲಿಯಸ್‌ನ ವಿಚಾರಣೆ ನಡೆಯಿತು. ಸಿಸೆರೊ ಅವನ ಪರ ವಾದಿಸಿ ಕ್ಲೋಡಿಯಾ ಎಂಬ ಹೆಣ್ಣಿನ ಮಾನವನ್ನು ಬೀದಿಗೆಳೆದ. ಆ ಭಾಷಣದಲ್ಲಿ ಒಂದು ಸಣ್ಣ ಚುಚ್ಚುಮಾತಿದೆ. ಕ್ಲೋಡಿಯಾ ತನ್ನ ಕೆಲವು ಗುಲಾಮರನ್ನು ಬಿಡುಗಡೆ ಮಾಡಿದ್ದಳು. ಬಿಡುಗಡೆಯಾದವರನ್ನು ಹಿಂಸಿಸಿ ವಿಚಾರಿಸುವಂತಿಲ್ಲ, ಅದಕ್ಕೇ ಬಿಟ್ಟಿದ್ದಾಳೆ ಎಂದು ಸಿಸೆರೊನ ಇಂಗಿತ. ಗುಲಾಮರ ಮೈ ಮತ್ತೆ ಸಾಕ್ಷ್ಯದ ಕಡತವಾಗಿ ಬರುತ್ತದೆ.

ಸೇಲರ್‌ನ ಕಾದಂಬರಿಯಲ್ಲಿ ಸಾಯುವ ಮುಂಚೆ ಡಿಯೋ ಹೆಂಗಸಿನ ವೇಷದಲ್ಲಿ ಗೋರ್ಡಿಯಾನಸ್‌ನ ಮನೆಗೆ ಬರುತ್ತಾನೆ. ಇಬ್ಬರಿಗೂ ಅಲೆಕ್ಸಾಂಡ್ರಿಯಾದ ಹಳೆಯ ಪರಿಚಯ. ತರುಣನಾಗಿದ್ದಾಗ ಗೋರ್ಡಿಯಾನಸ್ ಅವನಿಂದ ತತ್ವಶಾಸ್ತ್ರ ಕೇಳಿದ್ದ. ವಿಷದ ಭಯದಿಂದ ಎಲ್ಲೂ ಉಣ್ಣಲಾರದೆ ಹಸಿದಿರುವ ಮುದುಕ ಇಲ್ಲಿ ಮಾತ್ರ ಧೈರ್ಯವಾಗಿ ಉಣ್ಣುತ್ತಾನೆ. ಬಡಿಸುವವಳು ಬೆಥೆಸ್ಡಾ. ನಾವು ಆ ಊಟವನ್ನು ಹಳೆಯ ಗೆಳೆಯರ ಸಂಜೆಯೆಂದು ಓದಿ ಮುಂದೆ ಹೋಗುತ್ತೇವೆ. ಮುನ್ನೂರು ಪುಟ ನಗರವೆಲ್ಲ ಸುತ್ತಿ, ರಾಜಕಾರಣಿಗಳನ್ನೂ ದೊರೆಯನ್ನೂ ಶಂಕಿಸಿ, ಕೊನೆಗೆ ತಿಳಿಯುವುದು ಇದು: ಬೆಥೆಸ್ಡಾಳ ತಾಯಿ ಒಂದು ಕಾಲದಲ್ಲಿ ಡಿಯೋನ ಮನೆಯ ತೊತ್ತಾಗಿದ್ದಳು. ಆ ಮನೆಯಲ್ಲಿ ತಾಯಿಗೆ ಆದದ್ದನ್ನು ಮಗಳು ಮರೆತಿರಲಿಲ್ಲ. ಕೊಲೆಯ ಬೇರು ಪತ್ತೇದಾರನ ಅಡುಗೆಮನೆಯಲ್ಲೇ ಇದೆ. ಕೈ ಯಾರದು ಎಂಬುದನ್ನಾದರೂ ಹೇಳದೆ ಉಳಿಸಿಕೊಳ್ಳುತ್ತೇನೆ.

ಇದನ್ನು ಬರೀ ಜಾಣ ತಿರುವು ಎನ್ನಲಾರೆ. ನಾಲ್ಕು ಕಾದಂಬರಿಗಳಷ್ಟು ಕಾಲ ಅವಳ ಜೊತೆ ಮಲಗಿ ಎದ್ದ, ಊರಿನವರ ಗುಟ್ಟನ್ನೆಲ್ಲ ಕೆದಕಿ ಹೊಟ್ಟೆ ಹೊರೆದ ಗೋರ್ಡಿಯಾನಸ್, ಅವಳು ತನ್ನ ಕೈಗೆ ಬರುವ ಮುಂಚೆ ಎಲ್ಲಿದ್ದಳು ಎಂದು ಕೇಳಿಯೇ ಇಲ್ಲ. ಮಾರುಕಟ್ಟೆಯಲ್ಲಿ ಕೊಂಡ ದಿನದಿಂದ ಅವಳ ಚರಿತ್ರೆ ಶುರುವಾಯಿತು ಎಂದು ಅವನು ತಿಳಿದಂತಿದೆ. ಅವಳ ಮೌನವನ್ನು ಸಿಡುಕು ಎಂದುಕೊಂಡ. ನಾನೂ ಹಾಗೇ ಓದಿದೆ, ಎಂ.ಎ.ಯಲ್ಲಿ ಸ್ತ್ರೀವಾದಿ ವಿಮರ್ಶೆಯ ಪತ್ರಿಕೆ ಬರೆದು ಒಳ್ಳೆಯ ಅಂಕ ತೆಗೆದವಳು. ಆಶ್ಚರ್ಯವೆಂದರೆ ಅಮ್ಮ ಮೊದಲ ಮಾತಿಗೇ ಕೇಳಿದ್ದು ಅದನ್ನೇ.

ಲೇಖಕ ಇದನ್ನೆಲ್ಲ 1991ರಲ್ಲೇ ಯೋಚಿಸಿಟ್ಟಿದ್ದನೇ? ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲ ಪುಸ್ತಕದ ಬೆಥೆಸ್ಡಾ ಪ್ರಕಾರದ ಅಗತ್ಯಕ್ಕೆ ಹುಟ್ಟಿದವಳು: ಪತ್ತೇದಾರನಿಗೆ ಮನೆಯಲ್ಲೊಬ್ಬಳು ಚೆಲುವೆ. ಸರಣಿ ಎಂಬ ರೂಪದ ಲಾಭ ಇಲ್ಲಿದೆ. ಒಂದೇ ಕಾದಂಬರಿಯಾಗಿದ್ದರೆ ಆ ಕುರುಡು ಹಾಗೇ ಉಳಿದುಬಿಡುತ್ತಿತ್ತು. ಸರಣಿಯ ಲೇಖಕ ತಾನು ಹಿಂದೆ ಸಲೀಸಾಗಿ ಬರೆದದ್ದರ ಜೊತೆಯೇ ಬಾಳಬೇಕು, ಪಾತ್ರಗಳು ಮುಂದಿನ ಪುಸ್ತಕಕ್ಕೂ ಬಂದು ನಿಲ್ಲುತ್ತವೆ. ಹಾಗೆ ಬಂದು ನಿಂತವಳನ್ನು ಸೇಲರ್ ನೋಡಿದ, ಅದು ಅವನ ದೊಡ್ಡತನ. ಯಾವಾಗಲೂ ನೋಡಿದನೆಂದಲ್ಲ. 2014ರ 'ರೇಡರ್ಸ್ ಆಫ್ ದ ನೈಲ್'ನಲ್ಲಿ ಹಿಂದಕ್ಕೆ ಹೋಗಿ ಇಬ್ಬರ ಯೌವನದ ಕತೆ ಹೇಳುತ್ತಾನೆ. ಬೆಥೆಸ್ಡಾಳ ಅಪಹರಣವಾಗುತ್ತದೆ, ಗೋರ್ಡಿಯಾನಸ್ ಅವಳನ್ನು ಹುಡುಕಿಕೊಂಡು ನೈಲ್ ನದಿಯ ಮುಖಜ ಭೂಮಿಯಲ್ಲಿ ಅಲೆಯುತ್ತಾನೆ. ಸಾಹಸ ಚೆನ್ನಾಗಿದೆ, ಮೊಸಳೆಯೂ ಇದೆ. ಆದರೆ ಕಳೆದುಹೋದ ತೊತ್ತನ್ನು ಒಡೆಯ ಹುಡುಕುವುದನ್ನು ಪ್ರೇಮವೆಂದು ಓದಿಸುವ ಆ ಸಿಹಿ ನನಗೆ ಹಿಡಿಸಲಿಲ್ಲ. 'ದ ವೀನಸ್ ಥ್ರೋ' ಬರೆದ ಕೈ ಇದನ್ನೂ ಬರೆಯಿತೇ ಎಂದು ಬೇಸರವಾಯಿತು.

ಟೈರೊನ ಬಗ್ಗೆ ಹೇಳದೆ ಬಿಡಲಾರೆ. ಮೊದಲ ಕಾದಂಬರಿಯ ಮೊದಲ ಪುಟದಲ್ಲಿ ಗೋರ್ಡಿಯಾನಸ್‌ನ ಬಾಗಿಲಿಗೆ ಬರುವವನು ಸಿಸೆರೊನ ಈ ಯುವ ಗುಲಾಮ. ಚರಿತ್ರೆಯ ಟೈರೊ ಸಿಸೆರೊನ ಕಾರ್ಯದರ್ಶಿ. ಒಡೆಯ ಮಾತಾಡಿದಷ್ಟೇ ವೇಗವಾಗಿ ಬರೆದುಕೊಳ್ಳುವ ಶೀಘ್ರಲಿಪಿಗೆ ಅವನ ಹೆಸರೇ ಇದೆ. ಕ್ರಿ.ಪೂ. 53ರಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತು. ಸಿಸೆರೊ ಅವನಿಗೆ ಬರೆದ ಕಾಗದಗಳು ಒಂದು ಸಂಪುಟದಷ್ಟು ಉಳಿದಿವೆ; ಮೈ ಹೇಗಿದೆ, ಔಷಧಿ ತೆಗೆದುಕೊಂಡೆಯಾ, ಅವಸರಪಟ್ಟು ಪ್ರಯಾಣ ಮಾಡಬೇಡ ಎಂದೆಲ್ಲ ಅಕ್ಕರೆಯಿಂದ ಕೇಳುವ ಕಾಗದಗಳು. ಟೈರೊ ಬರೆದ ಉತ್ತರಗಳು ಒಂದೂ ಉಳಿದಿಲ್ಲ.

ಮೊನ್ನೆ ಊರಿಗೆ ಹೋದಾಗ 'ದ ವೀನಸ್ ಥ್ರೋ' ಕತೆಯನ್ನು ಅಮ್ಮನಿಗೆ ಪೂರ್ತಿ ಹೇಳಿದೆ. ಈ ಸಲ ತೊತ್ತು ಎಂಬ ಪದವನ್ನೇ ಬಳಸಿದೆ. ಅಮ್ಮ ಹುರುಳಿಕಾಯಿ ಮುರಿಯುತ್ತಾ ಕೇಳಿಸಿಕೊಂಡಳು. ಬಟ್ಟಲು ಎತ್ತಿಕೊಂಡು ಏಳುವಾಗ, "ಅವಳ ತಾಯಿ ಹೆಸರೇನಂತೆ?" ಎಂದಳು. ನನಗೆ ನೆನಪಾಗಲಿಲ್ಲ. ಪುಸ್ತಕ ಹಾಸ್ಟೆಲಿನಲ್ಲಿತ್ತು.